ಎರಡು ತೊಲದ ಹಿತ್ತಾಳೆ

ನನ್ನ ಷಡ್ಡಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವನು ಆಡಿದ ಮಾತು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತಿತ್ತು, ನನಗೆ ಸಿಟ್ಟು ಬರುತ್ತಿದ್ದುದು ಅದಕ್ಕೇ.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಅವನು ಸಿಂಧನೂರಿನಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳ ಬಿಡಿಭಾಗ ಮಾರುವ ಅಂಗಡಿಯವನು. ನಮ್ಮಿಬ್ಬರ ಹೆಂಡಂದಿರು ಲಿಂಗಸುಗೂರಿನ ಒಂದೇ ಮನೆಯ ಅಕ್ಕತಂಗಿಯರು. ಅಕ್ಕ ನನಗೆ, ತಂಗಿ ಅವನಿಗೆ. ಹಾಗಾಗಿ ವಯಸ್ಸಿನಲ್ಲೂ ಸಂಬಂಧದಲ್ಲೂ ನಾನೇ ಹಿರಿಯ. ಆದರೆ ಕಾಲುವೆ ನೀರು ಹರಿದ ಸೀಮೆಯಲ್ಲಿ ಹಿರಿತನವನ್ನು ವಯಸ್ಸು ಕೇಳಿ ಕೊಡುತ್ತಿರಲಿಲ್ಲ, ಟ್ರ್ಯಾಕ್ಟರು ನೋಡಿ ಕೊಡುತ್ತಿದ್ದರು. ಅತ್ತೆಮನೆಯಲ್ಲಿ ಅವನಿಗೆ ಮಣೆ, ನನಗೆ ಚಾಪೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆ ನಮ್ಮ ಮಸ್ಕಿ. ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಅವನು ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸುತ್ತಿದ್ದ. ಚಹಾ ಕುಡಿಯುತ್ತ ಮನೆಯ ಕುಂದುಗಳನ್ನು ಒಂದೊಂದಾಗಿ ಹೇಳುತ್ತಿದ್ದ. "ಮಾಸ್ತರ್ರ, ಈ ನಳದ ವಾಶರ್ ಹೋಗೇತ್ರಿ ನೋಡ್ರಿ" ಎನ್ನುತ್ತಿದ್ದ. ಹೋಗಿರುತ್ತಿತ್ತು. 'ಮಾಸ್ತರ್ರ' ಎನ್ನುವಾಗ ನಡುವಿನ ಅಕ್ಷರವನ್ನು ಅವನು ಎಳೆಯುತ್ತಿದ್ದ ಬಗೆಯನ್ನು ಬರೆದು ತೋರಿಸಲು ನನ್ನಿಂದಾಗದು. ಅದರಲ್ಲಿ ಮರ್ಯಾದೆಯೂ ಇರುತ್ತಿತ್ತು, ಮರ್ಯಾದೆ ತೆಗೆಯುವುದೂ ಇರುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂಧನೂರಿನಲ್ಲಿ ತಗಡಿನ ಚಾವಣಿಯ ಒಂದು ಕ್ಲಬ್ಬಿತ್ತು, ಕೇರಂ ಮತ್ತು ಇಸ್ಪೀಟಿಗೆ ಅಂಗಡಿಕಾರರೂ ನೌಕರರೂ ಸೇರುತ್ತಿದ್ದರು. ಕಾಲುವೆಯ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಗೋಡೆಗೆ ತೂಗುಹಾಕಿ ಗುರಿಯಿಟ್ಟು ಎಸೆಯುವ ಡಾರ್ಟ್ ಬೋರ್ಡೊಂದನ್ನು ಅಲ್ಲಿಯೇ ಬಿಟ್ಟು ಹೋದರು. ಜೊತೆಗೆ ರೆಕ್ಕೆ ಮುರಿದ ಒಂದೇ ಒಂದು ಡಾರ್ಟು. ಅದನ್ನು ಹಿಡಿದುಕೊಂಡು ನನ್ನ ಷಡ್ಡಕ ತನ್ನ ಅಂಗಡಿಯ ಹಿಂದಿನ ಲೇತ್ ಮಿಸ್ತ್ರಿಯ ಹತ್ತಿರ ಹೋದ. ಡಾರ್ಟಿನ ಮುಂದೆ ಮೊನೆ, ಹಿಂದೆ ರೆಕ್ಕೆ, ನಡುವೆ ಬೆರಳು ಹಿಡಿಯುವ ಹಿತ್ತಾಳೆಯ ತುಂಡು. ಆ ತುಂಡಿಗೆ ಬ್ಯಾರಲ್ ಎನ್ನುತ್ತಾರೆ. ಅಂಥ ಆರು ಬ್ಯಾರಲ್ ಕಡೆಸಿದ. ಸೈಕಲ್ ಕಡ್ಡಿಯನ್ನು ಸಾಣೆ ಹಿಡಿದು ಮೊನೆ, ಅದೇ ಕಡ್ಡಿಯ ಇನ್ನೊಂದು ತುಂಡಿಗೆ ನೋಟ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯ ರೆಕ್ಕೆ. ಊರೆಲ್ಲ ಹೊಗಳಿತು.

ಒಂದು ಐತವಾರ ನನ್ನನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದ. ಎಂಜಿನಿಯರರ ಆ ಹಳೆಯ ಡಾರ್ಟನ್ನೇ ಕೊಟ್ಟು "ಒಗೀರಿ ಮಾಸ್ತರ್ರ" ಎಂದ. ನಾನು ಎಸೆದದ್ದು ಬೋರ್ಡನ್ನೂ ದಾಟಿ, ಗೋಡೆಯನ್ನೂ ಬಿಟ್ಟು, ಕಿಟಕಿಯ ಆಚೆ ಹೋಯಿತು. ಅಲ್ಲಿ ಕಟ್ಟಿದ್ದ ಎಮ್ಮೆ ಒದರಿತು. ಕೇರಂ ಆಡುತ್ತಿದ್ದವರು ಕಾಯಿ ಬಿಟ್ಟು ನಕ್ಕರು. ಅವನು ಮಾತ್ರ ನಗಲಿಲ್ಲ. "ಹೊಸದರಾಗ ಹಂಗ ಆಗತೈತ್ರಿ" ಎಂದು ನನ್ನ ಭುಜ ತಟ್ಟಿದ. ನಕ್ಕಿದ್ದರೆ ಕ್ಷಮಿಸುತ್ತಿದ್ದೆ. ಅಂದೇ ನಿಶ್ಚಯ ಮಾಡಿದೆ, ಈ ಆಟದಲ್ಲಿ ಇವನನ್ನು ಸೋಲಿಸದೆ ಬಿಡಬಾರದು.

ಅದಕ್ಕೆ ಸ್ವಂತದ್ದೊಂದು ಸೆಟ್ಟು ಬೇಕಿತ್ತು. ಅಂಥದ್ದು ಮಸ್ಕಿಯಲ್ಲೂ ಸಿಗದು, ಸಿಂಧನೂರಿನಲ್ಲೂ ಸಿಗದು. ಅವನನ್ನು ಸೋಲಿಸಲು ಅವನಿಂದಲೇ ಆಯುಧ ಇಸಕೊಳ್ಳಬೇಕಾಗಿ ಬಂದದ್ದು ನನ್ನ ಹಣೆಬರಹ. ಕೇಳಿದ್ದೇ ತಡ, "ಬರ್ರಿ, ಬಂದು ಬ್ಯಾರಲ್ ಆರಿಸಿಕೊಳ್ರಿ, ನನ್ನ ಕಡಿಯಿಂದ ಕಾಣಿಕಿ" ಎಂದು ಹೇಳಿಕಳಿಸಿದ. ನಾನು ಅಂಗಿ ತೊಡುತ್ತಿದ್ದಾಗ ನನ್ನ ಹೆಂಡತಿ, "ಮುಂಜಾಮುಂಜಾನೆ ಎಲ್ಲಿಗೆ ಹೊಂಟೀರಿ?" ಎಂದಳು.

"ಬ್ಯಾರಲ್ ತರಾಕ."

"ಚಲೋ ಆತು. ನಳದ ನೀರು ಎರಡು ದಿನಕ್ಕೊಮ್ಮೆ ಬರಾಕತ್ತೈತಿ. ದೊಡ್ಡದು ನೋಡಿ ತರ್ರಿ, ಡಾಂಬರದ್ದು ಬ್ಯಾಡ, ವಾಸನಿ ಹೋಗಂಗಿಲ್ಲ."

ಅದು ನೀರಿನ ಬ್ಯಾರಲ್ ಅಲ್ಲ, ಬೆರಳುದ್ದದ ಹಿತ್ತಾಳೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಒಂದು ಬಸ್ಸು ತಪ್ಪಿತು.

ಅಂಗಡಿಯಲ್ಲಿ ಅವನು ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು, ಪೇಪರಿನ ಮೇಲೆ ಆರು ಬ್ಯಾರಲ್ ಸುರಿದ. ಆರೂ ಒಂದೇ ಉದ್ದ, ಒಂದೇ ದಪ್ಪ, ಬೆರಳು ಜಾರದಂತೆ ನಡುವೆ ಒಂದೇ ತೆರನ ಗೆರೆ. "ಎಂಜಿನಿಯರ್ ಸಾಹೇಬರದು ತೂಗಿಸಿ ನೋಡಿದ್ನಿ, ಎರಡು ತೊಲ. ಇವೂ ಎರಡೆರಡು ತೊಲ. ಹೊಸಬರ ಕೈಗೆ ಅದ ಬೇಷ್. ಹಗುರ ಇದ್ರ ಕೈ ನಡುಗಿದ್ದೆಲ್ಲ ಡಾರ್ಟಿಗೆ ಗೊತ್ತಾಗತೈತಿ, ಭಾರ ಆದ್ರ ಬೋರ್ಡಿಗೆ ಹೋಗಿ ಮುಟ್ಟೂದ ಇಲ್ಲ" ಎಂದ. ಆಮೇಲೆ ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. "ಹಿಂಗ, ಕಣ್ಣು ಮುಚ್ಚಿ ಕೈಯಾಗ ಆಡಿಸಿ ನೋಡ್ರಿ. ಯಾವುವು ಮೂರು ನಿಮ್ಮ ಕೈಗೆ ಒಂದ ಅನಸ್ತಾವ, ಅವನ್ನ ತಗೊಳ್ರಿ. ಉಳಿದಿದ್ದು ನನಗ."

ಸರಿಯಾದ ಬ್ಯಾರಲ್ ಆರಿಸುವ ವಿದ್ಯೆ ಅಷ್ಟೇ ಇತ್ತು. ಇಂದಿಗೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಅವನೆದುರು ಕಣ್ಣು ಮುಚ್ಚಿಕೊಂಡು ನಿಲ್ಲುವಷ್ಟು ನಂಬಿಕೆ ನನಗಿರಲಿಲ್ಲ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಇವನ ಮಾತು ಕೇಳಿ ನಾನು ಕಣ್ಣು ಮುಚ್ಚಿ ಕೈಯಾಡಿಸುವುದನ್ನು ಅವರು ನೋಡುವುದೆಂದರೆ ನನ್ನಿಂದಾಗದು. ಕಣ್ಣು ಅಗಲ ಬಿಟ್ಟುಕೊಂಡು, ಚೆನ್ನಾಗಿ ಹೊಳೆಯುತ್ತಿದ್ದ ಮೂರನ್ನು ಆರಿಸಿ ಜೇಬಿಗಿಳಿಸಿದೆ. "ಆತೇನ್ರಿ ಅಷ್ಟ ಲಗೂನ?" ಎಂದ. ಆಯಿತು ಎಂದೆ.

ಆಮೇಲಿನ ಒಂದು ವರ್ಷದ ಕಥೆಯನ್ನು ನಮ್ಮ ಪಡಸಾಲೆಯ ಗೋಡೆ ಹೇಳಬೇಕು. ಹಲಗೆಯ ಮೇಲೆ ಸುಣ್ಣದಲ್ಲಿ ವೃತ್ತ ಬರೆದು ದಿನಾ ಸಂಜೆ ಎಸೆದೆ. ಒಂದು ನಡುವಿಗೆ ಬಿದ್ದರೆ ಮುಂದಿನದು ಗೇಣು ಮೇಲೆ. ಅದಕ್ಕೆ ಕೈ ತಗ್ಗಿಸಿದರೆ ಇನ್ನೊಂದು ಹಲಗೆಯ ಬುಡಕ್ಕೆ. ಕೈಯನ್ನು ಬೈದೆ, ಭುಜವನ್ನು ಬೈದೆ, ಹಿಂದೆ ನಿಂತು ಹೂ ಕಟ್ಟುತ್ತಿದ್ದ ಹೆಂಡತಿಯನ್ನೂ ಬೈದೆ. ಐತವಾರ ಕ್ಲಬ್ಬಿಗೆ ಹೋಗಿ ಎಲ್ಲರೆದುರು ಸೋತು ಬರುತ್ತಿದ್ದೆ. ಅವನು ನನ್ನ ಪಕ್ಕದಲ್ಲೇ ನಿಂತು, ಎಲೆ ಅಡಿಕೆ ಅಗಿಯುತ್ತ, ಮೂರಕ್ಕೆ ಮೂರನ್ನೂ ಅಂದುಕೊಂಡ ಮನೆಗೆ ಹೊಡೆಯುತ್ತಿದ್ದ. ಲಿಂಗಸುಗೂರಿನವರ ಜೊತೆ ಪಂದ್ಯಕ್ಕೆ ಹೋಗುವ ತಂಡದಲ್ಲಿ ನನ್ನ ಹೆಸರು ಬರೆಯಲಿಲ್ಲ. "ಮುಂದಿನ ಸಲ ನೋಡೂಣಂತ್ರಿ" ಎಂದ. ನನ್ನ ಕೈಗೆ ಯಾವ ವಿದ್ಯೆಯೂ ಹತ್ತುವುದಿಲ್ಲ ಎಂದು ನಾನೇ ನಂಬತೊಡಗಿದ್ದೆ. ನಲವತ್ತು ದಾಟಿದ ಗಂಡಸಿಗೆ ಅದು ಸಣ್ಣ ಸಂಗತಿಯಲ್ಲ.

ಒಂದು ದಿನ ಶಾಲೆಯಲ್ಲಿ ಬಿಡುವಿನ ತಾಸು. ವಿಜ್ಞಾನದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯ ತಕ್ಕಡಿ ಖಾಲಿ ಕೂತಿತ್ತು. ಡಾರ್ಟುಗಳು ಜೇಬಿನಲ್ಲೇ ಇದ್ದವು. ಮೊನೆ, ರೆಕ್ಕೆ ಎರಡನ್ನೂ ತಿರುಗಿಸಿ ಬಿಚ್ಚಿ, ಬರೀ ಬ್ಯಾರಲ್ಲುಗಳನ್ನು ಒಂದೊಂದಾಗಿ ಇಟ್ಟೆ. ಮೊದಲನೆಯದು ಇಪ್ಪತ್ಮೂರು ಗ್ರಾಂ ಮೇಲೆ ಚೂರು. ಎರಡನೆಯದು ಇಪ್ಪತ್ತು. ಮೂರನೆಯದು ಇಪ್ಪತ್ತು. ಮತ್ತೆ ತೂಗಿದೆ. ಒಳಗೆ ಇಣುಕಿ ನೋಡಿದರೆ ಹಗುರವಾದ ಎರಡರ ತೂತು ಹೆಚ್ಚು ಆಳ ಕೊರೆದಿತ್ತು. ಹೊರಗಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ಆ ದಿನ ನನಗಾದ ಸಂತೋಷ ನೌಕರಿ ಕಾಯಂ ಆದ ದಿನವೂ ಆಗಿರಲಿಲ್ಲ. ನನ್ನ ಕೈ ಸರಿಯಾಗಿತ್ತು. ಅವನು ಕಳ್ಳ. ಒಂದು ವರ್ಷ ನನ್ನನ್ನು ಊರ ಮುಂದೆ ಕೋತಿಯಂತೆ ಕುಣಿಸಿದ್ದ. ಮನೆಗೆ ಓಡಿಹೋಗಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ, ಮುಖ ಎತ್ತದೆ, "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದಳು.

ಆ ಗಾದೆ ಆಡಬಾರದ ಹೊತ್ತಿನಲ್ಲಿ ಆಡಿದಳು. ನಾನು ಕೂಗಿದೆ, "ಅಂವ ನನ್ನ ಮುಂದ ಬಂದು ತಪ್ಪು ಕಬೂಲ್ ಮಾಡೂತನಕ ಅವನ ಮನಿ ಸಂಬಂಧ ನಮಗ ಬ್ಯಾಡ. ತೊಟ್ಟಿಲಿಗೂ ಹೋಗೂದಿಲ್ಲ."

ಅಕ್ಕಿಯ ಮೊರ ಅಲ್ಲಿಗೇ ನಿಂತಿತು. ತೊಟ್ಟಿಲು ಎಂದರೆ ತಂಗಿಯ ಕೂಸಿನದು. ಮದುವೆಯಾದ ಎಂಟು ವರ್ಷಕ್ಕೆ ಹುಟ್ಟಿದ ಹೆಣ್ಣುಕೂಸು, ಲಿಂಗಸುಗೂರಿನ ತವರುಮನೆಯಲ್ಲಿ ಬಾಣಂತನ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳುವಾಗ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ, ಅದು ಪದ್ಧತಿ. ನನ್ನ ಷಡ್ಡಕನಿಗೆ ಅಕ್ಕತಂಗಿಯರಿರಲಿಲ್ಲ. ಹಾಗಾಗಿ ತಂಗಿ, "ಅಕ್ಕಾ, ನೀನ ಹೇಳಬೇಕು" ಎಂದು ಕಾಗದ ಬರೆದಿದ್ದಳು. ನಮಗೆ ಮಕ್ಕಳಿಲ್ಲ. ನನ್ನ ಹೆಂಡತಿಯ ಬಾಳಿನಲ್ಲಿ ಒಂದು ಕೂಸಿಗೆ ಹೆಸರಿಡುವ ಹೊತ್ತು ಬಂದಿದ್ದು ಅದೊಂದೇ ಸಲ. ಆ ಕಾಗದವನ್ನು ಅವಳು ನನಗೆ ಎರಡು ಸಲ ಓದಿ ಹೇಳಿದ್ದಳು. ನನಗೆ ಗೊತ್ತಿತ್ತು. ಗೊತ್ತಿದ್ದೇ ಬೇಡ ಎಂದೆ.

ತೊಟ್ಟಿಲ ದಿನ ಮುಂಜಾನೆ ಸಿಂಧನೂರಿನ ಜೀಪು ನಮ್ಮ ಮನೆ ಮುಂದೆ ನಿಂತಿತು. ಅವಳು ಅಷ್ಟೊತ್ತಿಗೆ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಏನೂ ಕೇಳದೆ ಕೂತಿದ್ದಳು. ಹಾರ್ನು ಹೊಡೆದ. ನಾನು ಎದ್ದುಹೋಗಿ ಕದ ಮುಚ್ಚಿ ಅಗಳಿ ಹಾಕಿದೆ. ಇನ್ನೊಮ್ಮೆ ಹೊಡೆದ. ಹೊರಗಿನಿಂದ "ಅಕ್ಕಾರ, ಹೊತ್ತಾಗಾಕತ್ತೇತ್ರಿ" ಎಂದು ಕೂಗಿದ. ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಜೀಪು ಹೋಯಿತು. ಅವಳು ಸೀರೆ ಬಿಚ್ಚಿ ಮಡಚಿ ಪೆಟ್ಟಿಗೆಯಲ್ಲಿಟ್ಟು, ಒಲೆ ಹಚ್ಚಿ ರೊಟ್ಟಿ ಬಡಿದಳು. ಆ ರೊಟ್ಟಿಯನ್ನು ನಾನು ತಿಂದೆ, ನಾಚಿಕೆಯಿಲ್ಲದೆ ತಿಂದೆ.

ಅಂದಿನಿಂದ ಮನೆಯಲ್ಲಿ ಎರಡೇ ಮಾತು: "ಊಟಕ್ಕ ಬರ್ರಿ", "ಆತು". ಅಷ್ಟು ದೊಡ್ಡದಾಗಿ ಕೂಗಾಡಿದವನು ಸಿಂಧನೂರಿಗೆ ಹೋಗಿ ಅವನನ್ನು ಕೇಳಲು ಒಂದೂವರೆ ತಿಂಗಳು ತೆಗೆದುಕೊಂಡೆ. ಪರೀಕ್ಷೆ ಇದೆ, ಬಿಸಿಲಿದೆ ಎಂದು ನೆಪ ಹೇಳಿಕೊಂಡೆ. ಕೊನೆಗೆ ಒಂದು ಐತವಾರ ಮಧ್ಯಾಹ್ನ, ಶಾಲೆಯಿಂದ ಸಣ್ಣದೊಂದು ಕೈತಕ್ಕಡಿ ಮತ್ತು ಗ್ರಾಂ ತೂಕದ ಬಟ್ಟುಗಳ ಪೆಟ್ಟಿಗೆ ಕೇಳಿ ತೆಗೆದುಕೊಂಡು, ಚೀಲದಲ್ಲಿ ಹಾಕಿಕೊಂಡು ಕ್ಲಬ್ಬಿಗೆ ಹೋದೆ.

ಹತ್ತು ಹನ್ನೆರಡು ಮಂದಿ ಇದ್ದರು. ಕೇರಂ ಬೋರ್ಡಿನ ನಡುವೆಯೇ ತಕ್ಕಡಿ ಹಿಡಿದು, ನನ್ನ ಮೂರೂ ಬ್ಯಾರಲ್ ತೂಗಿ ತೋರಿಸಿದೆ. ಇಪ್ಪತ್ಮೂರು, ಇಪ್ಪತ್ತು, ಇಪ್ಪತ್ತು. "ಇವು ಇವರು ನನಗ ಕೊಟ್ಟ ಕಾಣಿಕಿ. ಈಗ ಇವರದು ತೂಗೂಣು" ಎಂದೆ. ಅವನು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದ.

"ತೊಟ್ಟಿಲಿಗೆ ಬರಲಿಲ್ಲಲ್ಲ, ಇದಕ್ಕಾಗೇನ್ರಿ?" ಎಂದ.

"ಇಡು ನಿನ್ನವು" ಎಂದೆ.

ಎಂಟು ವರ್ಷದಲ್ಲಿ ನಾನು ಅವನಿಗೆ ರೀ ಬಿಟ್ಟು ಮಾತಾಡಿದ್ದು ಅದೇ ಮೊದಲು. ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಅವನು ತನ್ನ ಡಾರ್ಟುಗಳ ಮೊನೆ ರೆಕ್ಕೆ ಬಿಚ್ಚಿ, ಮೂರು ಬ್ಯಾರಲ್ಲನ್ನೂ ನನ್ನ ಮುಂದಿಟ್ಟ.

ಮೊದಲನೆಯದು ಇಪ್ಪತ್ಮೂರು. ಎರಡನೆಯದು ಇಪ್ಪತ್ಮೂರು. ನನ್ನ ಎದೆ ಉಬ್ಬಿತು. ಮೂರನೆಯದನ್ನು ಇಟ್ಟೆ. ತಟ್ಟೆ ಮೇಲೆದ್ದಿತು. ಬಟ್ಟು ತೆಗೆದೆ, ಮತ್ತೊಂದು ತೆಗೆದೆ. ಇಪ್ಪತ್ತು.

ಮೊದಲು ನಕ್ಕವನು ಕೇರಂ ಆಡುತ್ತಿದ್ದ ಪತ್ತಾರರ ಹುಡುಗ. ಅಪ್ಪನ ಜೊತೆ ಬಂಗಾರದ ಅಂಗಡಿಯಲ್ಲಿ ಕೂಡುತ್ತಿದ್ದವನು, ಆಗಲೇ ಎರಡು ಮಕ್ಕಳ ತಂದೆ. "ಯಾರದೂ ತಪ್ಪಿಲ್ರಿ ಮಾಸ್ತರ್ರ" ಎಂದ. "ಲೇತ್ ಮಿಸ್ತ್ರಿ ತೂಕ ಹಾಕಿಸಾಕ ನಮ್ಮ ಅಂಗಡಿಗೇ ತಂದಿದ್ದ. ಮುಂಜಾನಿ ಮೂರು ತಂದ, ಅಪ್ಪ ಕುಂತಿದ್ದ. ಸಂಜೀಕ ಮೂರು ತಂದ, ನಾ ಕುಂತಿದ್ದೆ. ಎರಡು ತೊಲಕ್ಕ ಇಳೀಬೇಕು ಅಂದ. ಅಪ್ಪಗ ತೊಲ ಅಂದ್ರ ಬೆಳ್ಳಿ ರೂಪಾಯಿ ತೂಕದ್ದು, ಹನ್ನೊಂದೂವರಿ ಗ್ರಾಂ ಮ್ಯಾಲ. ನನಗ ತೊಲ ಅಂದ್ರ ಹತ್ತು ಗ್ರಾಂ. ಅಂವ ಕೊರಕೊಂತ ಹ್ವಾದ, ನಾವು ತೂಗಿಕೊಂತ ಹ್ವಾದ್ವಿ."

ಅಪ್ಪನೂ ಸುಳ್ಳು ತೂಗಿರಲಿಲ್ಲ, ಮಗನೂ ಸುಳ್ಳು ತೂಗಿರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆ ತೊಲದ ಮೂರು, ಹೊಸ ತೊಲದ ಮೂರು ಕಲೆತು ಬಿದ್ದಿದ್ದವು. ಅದರಲ್ಲಿ ಒಂದು ಹಳೆಯದು, ಎರಡು ಹೊಸವು ಆರಿಸಿಕೊಂಡವನು ನಾನೇ. ನಾನು ಬಿಟ್ಟದ್ದನ್ನು ಅವನು ತೆಗೆದುಕೊಂಡಿದ್ದ.

ಅಷ್ಟಾದರೂ ನಾನು ಸುಮ್ಮನಾಗಲಿಲ್ಲ. "ಹಂಗಾರ ನಿಮ್ಮವು ಹ್ಯಾಂಗ ಬೋರ್ಡಿಗೆ ಬೀಳ್ತಾವ?" ಎಂದು ಕೇಳಿದೆ. ರೀ ಮತ್ತೆ ತಾನಾಗಿ ಬಂದಿತ್ತು.

"ಒಂದು ಹಗುರ ಐತಿ ಅಂತ ಮೊದಲನೇ ವಾರಕ್ಕ ಕೈಗೆ ಗೊತ್ತಾತ್ರಿ. ಅದನ್ನ ಕಡೀಕ ಒಗೀತೀನಿ, ಒಂದೀಟು ತಗ್ಗಿಸಿ" ಎಂದ. ಆಮೇಲೆ ನಿಜವಾದ ಅಚ್ಚರಿಯಿಂದಲೇ ಕೇಳಿದ, "ಒಂದು ವರ್ಷ ಒಗದೀರಿ, ನಿಮ್ಮ ಕೈಗೆ ಗೊತ್ತಾಗಲಿಲ್ಲೇನ್ರಿ?"

ಯಾರೂ ನಗಲಿಲ್ಲ. ಎಮ್ಮೆಯ ದಿನ ನಕ್ಕವರು ಈಗ ತಕ್ಕಡಿಯನ್ನು ನೋಡುತ್ತ ನಿಂತಿದ್ದರು. ನಾನು ಬಟ್ಟುಗಳನ್ನು ಎಣಿಸದೆ ಪೆಟ್ಟಿಗೆಗೆ ತುಂಬಿ, ಬಸ್ ಸ್ಟ್ಯಾಂಡಿಗೆ ನಡೆದೆ.

ಮನೆಗೆ ಬಂದಾಗ ಹೆಂಡತಿ ಒಂದೂವರೆ ತಿಂಗಳಲ್ಲಿ ಮೊದಲ ಸಲ ತಾನಾಗಿ ಕೇಳಿದಳು. "ತಕ್ಕಡಿ ಏನಂತು?"

ನಾನು ಸುಳ್ಳು ಹೇಳಿದೆ. ಪೂರಾ ಸುಳ್ಳಲ್ಲ, ಅದಕ್ಕಿಂತ ಕೀಳಾದದ್ದು. "ತೂಕದಾಗ ಹೆಚ್ಚುಕಡಿಮಿ ಇದ್ದದ್ದು ಖರೆ. ಎಲ್ಲಾರೂ ನೋಡಿದ್ರು" ಎಂದೆ. ಅವನದರಲ್ಲೂ ಇತ್ತು ಎಂದು ಹೇಳಲಿಲ್ಲ. ಆರಿಸಿದವನು ನಾನೇ ಎಂದೂ ಹೇಳಲಿಲ್ಲ.

ಅವಳು, "ಖರೆ ಆದ್ರ ನಾಳೆ ಲಿಂಗಸುಗೂರಿಗೆ ಹೋಗಿ ತಂಗಿಗೆ ನಾಕು ಬೈದು ಬರ್ತೀನಿ. ಗಂಡನ ಮಾನದ ಮಾತು" ಎಂದಳು. ಬೇಡ ಎನ್ನಲು ನನಗೆ ದಾರಿಯಿರಲಿಲ್ಲ. ಮರುದಿನ ಮುಂಜಾನೆಯ ಬಸ್ಸಿಗೆ ಹೋದಳು. ನಾನು ಶಾಲೆಯಲ್ಲಿ ಸಂಧಿ ಪಾಠ ಮಾಡುತ್ತ ಮೂರು ಸಲ ತಪ್ಪಿದೆ.

ಸಂಜೆ ಬಂದು ಕಟ್ಟೆಯ ಮೇಲೆ ಕೂತು, ಸೊಂಟಕ್ಕೆ ಕೈಯಿಟ್ಟು, "ಅಯ್ಯ, ಬೆನ್ನು ಹಣ್ಣಾಗೈತಿ" ಎಂದಳು.

"ಬಸ್ಸಿನಾಗ ನಿಂತು ಬಂದ್ಯೇನು?"

"ಬಸ್ಸಿನಾಗ ಯಾಕ? ಗುದ್ದಿದ್ರು. ಓಣಿ ಹೆಂಗಸರೆಲ್ಲ ಕೂಡಿ ಗುದ್ದಿದ್ರು."

ನನಗೆ ತಿಳಿಯಲು ಕ್ಷಣ ಹಿಡಿಯಿತು. ತೊಟ್ಟಿಲು ಆಗಿ ಹೋಗಿತ್ತಲ್ಲ ಎಂದೆ.

"ತೊಟ್ಟಿಲಿಗೆ ಹಾಕ್ಯಾರ, ಹೆಸರು ಇಟ್ಟಿರಲಿಲ್ಲ. ಓಣ್ಯಾಗಿನವರು ನಾ ಹೇಳ್ತೀನಿ, ತಾ ಹೇಳ್ತೀನಿ ಅಂದ್ರಂತ. ನಿಮ್ಮ ಷಡ್ಡಕ ಒಪ್ಪಲಿಲ್ಲಂತ. 'ಅಕ್ಕಾರು ಬರೂಮಟ ನನ್ನ ಮಗಳು ಹೆಸರಿಲ್ಲದ ಇರ್ಲಿ' ಅಂದಾನಂತ. ಇಷ್ಟು ದಿನ ಆ ಕೂಸಿಗೆ ಕೂಸ ಅಂತ ಕರದಾರ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನಿ ರಾತ್ರಿ ಅಂವ ಕೂಸಿನ್ನ ನೋಡಾಕ ಬಂದಿದ್ನಂತ, ತೊಲದ ಮಾತೂ ತಂಗಿ ಹೇಳಿದ್ಲು. ನೀವು ಹೇಳಿದ್ದಕ್ಕಿಂತ ಒಂದೀಟು ಹೆಚ್ಚ ಹೇಳಿದ್ಲು."

ನನ್ನ ಬಾಯಿಗೆ ಬಂದದ್ದು ಒಂದೇ ಮಾತು. "ಏನು ಹೆಸರಿಟ್ಟಿ?"

ಅವಳು ಎದ್ದು ನಿಂತಳು. "ಅದನ್ನ ನಾ ಹೇಳೂದಿಲ್ಲ. ಅವರಪ್ಪ ಅದಾನ. ಹೋಗಿ ಕೇಳ್ಕೊಂಡು ಬರ್ರಿ" ಎಂದು ಒಳಗೆ ಹೋದಳು.

ಹೇಳಲಿಲ್ಲ. ಗದರಿಸಿದೆ, ಹೇಳಲಿಲ್ಲ. ರಮಿಸಿದೆ, ಹೇಳಲಿಲ್ಲ. ನಾನು ಪಡಸಾಲೆಗೆ ಬಂದರೆ ಅಡಿಗೆಮನೆಯಲ್ಲಿ ಆ ಹೆಸರನ್ನು ಮೆಲ್ಲಗೆ ಅಂದುಕೊಳ್ಳುತ್ತಿದ್ದಳು, ಹತ್ತಿರ ಹೋದರೆ ಸುಮ್ಮನಾಗುತ್ತಿದ್ದಳು. ಇಪ್ಪತ್ತು ದಿನ ಹಟ ಹಿಡಿದೆ. ಅಷ್ಟರಲ್ಲಿ ತಾಯಿ ಕೂಸು ಇಬ್ಬರನ್ನೂ ಸಿಂಧನೂರಿಗೆ ಕರೆತಂದರೆಂದು ಸುದ್ದಿ ಬಂತು.

ಐತವಾರ ಅವನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಯಾವುದೋ ಪಂಪಿನ ವಾಲ್ವು ಬಿಚ್ಚುತ್ತಿದ್ದ. ನನ್ನನ್ನು ನೋಡಿದ. ಏಳಲಿಲ್ಲ, ಕೂಡ್ರಿ ಎನ್ನಲೂ ಇಲ್ಲ. ನಾನು ಬಿಸಿಲಿನಲ್ಲೇ ನಿಂತು, "ಕೂಸಿನ ಹೆಸರೇನ್ರಿ?" ಎಂದೆ.

"ಏನಂದ್ರಿ? ಕೇಳಸಲಿಲ್ಲ."

ಕೇಳಿಸಿತ್ತು. ಎದುರುಮನೆಯ ಮುದುಕನಿಗೂ ಕೇಳಿಸಿತ್ತು. ಇನ್ನೊಮ್ಮೆ, ದೊಡ್ಡ ದನಿಯಲ್ಲಿ ಕೇಳಿದೆ. ಅವನು ಕೈಯ ಗ್ರೀಸನ್ನು ಅರ್ಧ ನಿಮಿಷ ಒರೆಸಿಕೊಂಡು ಆಮೇಲೆ ಹೇಳಿದ.

ಒಳ್ಳೆಯ ಹೆಸರು. "ಹ್ಯಾಂಗೈತ್ರಿ ಮಾಸ್ತರ್ರ?" ಎಂದು ಕೇಳಿದ. ಒಳ್ಳೆಯ ಹೆಸರು ಎಂದು ಅವನೆದುರೇ ಒಪ್ಪಿಕೊಳ್ಳಬೇಕಾಯಿತು.